ಅತ್ತೆ ಎತ್ತರಿಸಿದ ದಂಡೆ

ಮೊನ್ನೆ ಸಂಜೆ ಡೊಂಬಿವಲಿ ಸ್ಟೇಷನ್ನಿನಿಂದ ಶೇರ್ ರಿಕ್ಷಾ ಹಿಡಿದು ಮನೆಗೆ ಬರುತ್ತಿದ್ದೆ. ನಮ್ಮ ಗಲ್ಲಿಯ ತಿರುವಿಗೆ ಬಂದದ್ದೇ ತಡ, ಎಡಗಡೆ ಕೂತ ಹುಡುಗಿ ದುಪಟ್ಟಾ ಮೂಗಿಗೆ ಒತ್ತಿಕೊಂಡಳು, ಬಲಗಡೆಯ ಗೃಹಸ್ಥರು ಕರ್ಚೀಫು ತೆಗೆದರು, ರಿಕ್ಷಾದವನಂತೂ ಒಂದು ಕೈಯಲ್ಲಿ ಮೂಗು ಹಿಡಿದು ಇನ್ನೊಂದು ಕೈಯಲ್ಲಿ ಹ್ಯಾಂಡಲ್ ತಿರುಗಿಸಿದ. ನಾಲಾದ, ಅಂದರೆ ದೊಡ್ಡ ತೆರೆದ ಚರಂಡಿಯ, ಹೂಳು ತೆಗೆದು ದಂಡೆಗೆ ಸುರಿದಿದ್ದರು. ನಡುವೆ ಕೂತ ನಾನೊಬ್ಬಳು ಸುಮ್ಮನೆ ಉಸಿರೆಳೆದುಕೊಂಡೆ. ಆ ಹುಡುಗಿ ನನ್ನನ್ನು ನೋಡಿದ ನೋಟ ನೀವು ನೋಡಬೇಕಿತ್ತು. ಅದೇನು ಸುವಾಸನೆ ಎಂದು ನಾನು ಹೇಳುತ್ತಿಲ್ಲ ಮಾರಾಯ್ರೆ, ನಾತ ನಾತವೇ. ಆದರೆ ಆ ನಾತದ ಜೊತೆಗೆ ನನ್ನ ಅತ್ತೆ ಬರುತ್ತಾರೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲೊಂದು ಹಾರೆ ಹಿಡಿದುಕೊಂಡು. ಬಂದವರನ್ನು ಮೂಗು ಮುಚ್ಚಿಕೊಂಡು ಎದುರುಗೊಳ್ಳುವುದು ಹೇಗೆ?

ಈ ಕಡೆಯ ಪರಿಚಯ ಇಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಠಾಣೆಯಾಗಲಿ, ಕಲ್ಯಾಣವಾಗಲಿ, ನಮ್ಮ ಡೊಂಬಿವಲಿಯಾಗಲಿ, ಮಳೆಗೆ ಮುಂಚೆ ಎಲ್ಲ ಕಡೆ ನಾಲಾ ಸಫಾಯಿ ನಡೆಯುತ್ತದೆ. ಊರಿನ ಮಳೆನೀರೆಲ್ಲ ಈ ನಾಲಾಗಳಲ್ಲೇ ಹರಿದು ಖಾಡಿ, ಅಂದರೆ ಕಡಲ ಹಿನ್ನೀರು, ಸೇರಬೇಕಲ್ಲ. ಪಾಲಿಕೆಯವರು ಗುತ್ತಿಗೆ ಕೊಡುತ್ತಾರೆ, ಗುತ್ತಿಗೆದಾರನ ಪೋಕ್ಲೇನ್, ಮಣ್ಣು ಅಗೆಯುವ ಯಂತ್ರ, ಬಂದು ಸೊಂಡಿಲು ಇಳಿಸುತ್ತದೆ, ವರ್ಷವಿಡೀ ನಾವೇ ಎಸೆದ ಪ್ಲಾಸ್ಟಿಕ್ಕು, ಚಪ್ಪಲಿ, ಹಾಸಿಗೆ, ದೇವರ ಪಟಗಳೆಲ್ಲ ಕಪ್ಪು ಕೆಸರಿನ ಜೊತೆ ಮೇಲೆ ಬರುತ್ತವೆ. ಹಸಿ ಹೂಳನ್ನು ಲಾರಿಗೆ ತುಂಬುವ ಹಾಗಿಲ್ಲ, ದಾರಿಯುದ್ದಕ್ಕೂ ಸೋರುತ್ತದೆ, ಜನ ಬಾಯಿ ಮಾಡುತ್ತಾರೆ. ಹಾಗಾಗಿ ದಂಡೆಯ ಮೇಲೆ ಒಣಗಲು ಬಿಡುತ್ತಾರೆ. ಅದು ಒಣಗುವ ಮೊದಲೇ ಮಳೆ ಬಂದರೆ ಎಲ್ಲವೂ ಮತ್ತೆ ನಾಲಾಕ್ಕೆ. ಯಾರನ್ನು ಕೇಳಿದರೂ ಅವರವರ ಬಳಿ ಒಂದೊಂದು ಕಾರಣ ಇರುತ್ತದೆ, ಎಲ್ಲ ಕಾರಣಗಳೂ ಸರಿಯಾಗಿಯೇ ಇರುತ್ತವೆ. ಮಳೆಗೆ ಮಾತ್ರ ಯಾವ ಕಾರಣವೂ ಬೇಕಿಲ್ಲ.

ನನ್ನ ಅತ್ತೆ ಕುಂದಾಪುರದ ಕಡೆಯವರು. ಮಾವ ತೀರಿಕೊಂಡ ಮೇಲೆ ನನ್ನ ಗಂಡ ಅವರನ್ನು ಇಲ್ಲಿಗೆ ಕರೆತಂದರು. ಇವರಿಗಾಗ ನೌಪಾಡಾದ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಕೆಲಸ, ಬೆಳಿಗ್ಗೆ ಹೋದರೆ ರಾತ್ರಿಯೇ ದರ್ಶನ. ನಾನು ಠಾಣೆಯ ಒಂದು ಆಫೀಸಿನಲ್ಲಿ ಗುಮಾಸ್ತೆ. ಹಗಲಿಡೀ ಅತ್ತೆ ಒಬ್ಬರೇ ನಾಲ್ಕು ಗೋಡೆ ನೋಡಿಕೊಂಡು ಹೇಗಿರುತ್ತಾರೋ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. ಅವರು ಬಂದ ಮೊದಲ ದಿನವೇ ಅಡುಗೆಮನೆಯ ಕಿಟಕಿಯಿಂದ ಹಿಂದುಗಡೆ ನೋಡಿ, "ಇಲ್ಲೂ ತೋಡ್ ಇತ್ತಲೆ" ಎಂದು ಸಮಾಧಾನದ ಉಸಿರು ಬಿಟ್ಟರು. ನಮ್ಮ ಬಿಲ್ಡಿಂಗಿನ ಹಿಂದೆ ಹರಿಯುವ ನಾಲಾವೇ ಅವರ ಕಣ್ಣಿಗೆ ಊರಿನ ತೋಡು, ಅದಕ್ಕೆ ಆಗ ಗೋಡೆ ಗೀಡೆ ಏನೂ ಇರಲಿಲ್ಲ. ಎರಡೂ ಕಡೆ ಮಣ್ಣಿನ ದಂಡೆ, ಆಚೆ ದಂಡೆಯಲ್ಲಿ ತಗಡಿನ ಪತ್ರಾ ಹೊದಿಸಿದ ಒಂಟಿ ಕೋಣೆಯ ಖೋಲಿಗಳ ಒಂದು ಸಾಲು. ಫ್ಲ್ಯಾಟ್ ತೋರಿಸುವಾಗ ಬಿಲ್ಡರು ಮುಚ್ಚಿಟ್ಟ ಆ ಕಿಟಕಿಯನ್ನು ನಾವು ವರ್ಷಗಳಿಂದ ತೆರೆದೇ ಇರಲಿಲ್ಲ. ಅತ್ತೆ ಬಂದ ಮೇಲೆ ಅದು ಮುಚ್ಚಿದ್ದೇ ಇಲ್ಲ.

ಮುಂದಿನ ಸಲ ಊರಿಗೆ ಹೋದವರು ಮೊಳಕೆಯೊಡೆದ ತೆಂಗಿನಕಾಯಿಗಳ ಒಂದು ಚೀಲವನ್ನೇ ರೈಲಿನಲ್ಲಿ ಹೊತ್ತು ತಂದರು. ಎದುರಿನ ಬರ್ತಿನವರ ಕಾಲಿಗೆ ತಾಗಿತೆಂದು ರತ್ನಾಗಿರಿಯವರೆಗೂ ಜಗಳವಂತೆ, ಪನ್ವೇಲಿನಲ್ಲಿ ಇಳಿಯುವಾಗ ಆ ಮನುಷ್ಯನೇ ಚೀಲ ಇಳಿಸಿಕೊಟ್ಟನಂತೆ. ಸಸಿಗಳನ್ನು ನಮ್ಮ ಕಡೆಯ ದಂಡೆಯುದ್ದಕ್ಕೂ ನೆಟ್ಟರು. ಸೊಸೈಟಿಯವರು ನಕ್ಕರು. ನಾನೂ ನಕ್ಕೆ, ಆದರೆ ಬಚ್ಚಲಿಗೆ ಹೋಗಿ.

ಇನ್ನು ಹೂಳಿನ ಸಂಗತಿ. ಅವರ ಊರಿನಲ್ಲಿ ಮಳೆಗೆ ಮೊದಲು ಪ್ರತಿ ಮನೆಯವರೂ ತಮ್ಮ ತಮ್ಮ ಜಾಗದ ತೋಡಿನ ಕೆಸರು ತೆಗೆದು ತೆಂಗಿನ ಬುಡಕ್ಕೆ ಹಾಕುತ್ತಾರೆ. ತೋಡೂ ಶುಚಿ, ಮರಕ್ಕೂ ಗೊಬ್ಬರ. ಇಲ್ಲಿ ಮೇ ತಿಂಗಳಲ್ಲಿ ಪೋಕ್ಲೇನ್ ಬಂದು ಕಪ್ಪಗಿನ ಕೆಸರನ್ನು ರಾಶಿ ಹಾಕಿದ್ದು ಕಂಡಾಗ ಅತ್ತೆಯ ಕಣ್ಣು ಅರಳಿತು. ಇಷ್ಟೊಳ್ಳೆಯ ಮಣ್ಣು ಲಾರಿಯಲ್ಲಿ ಎಲ್ಲಿಗೋ ಹೋಗುತ್ತದಲ್ಲ ಎಂದು ಅವರ ಜೀವ ಒದ್ದಾಡಿತು. ಕೆಲಸದವರಿಗೆ ತಂಬಿಗೆಗಟ್ಟಲೆ ಮಜ್ಜಿಗೆ ಕೊಟ್ಟು, ಕೈಸನ್ನೆಯಲ್ಲೇ ಮಾತಾಡಿ, ಹೂಳನ್ನೆಲ್ಲ ತಮ್ಮ ಗಿಡಗಳ ಬುಡಕ್ಕೇ ಹಾಕಿಸಿಕೊಂಡರು. ಗುತ್ತಿಗೆದಾರನಿಗೆ ಲಾರಿಯ ಖರ್ಚು ಉಳಿಯಿತು, ಅವನು ಕೈಮುಗಿದ. ಪ್ಲಾಸ್ಟಿಕ್ಕನ್ನು ಮಾತ್ರ ಅತ್ತೆ ತಾವೇ ಕೂತು ಆರಿಸಿ ಬೇರೆ ಮಾಡಿದರು. ನನ್ನ ಆಫೀಸಿನ ಒಬ್ಬಳು ಅದೇ ದಾರಿಯಲ್ಲಿ ನನ್ನ ಜೊತೆ ಬರುತ್ತಾ, "ಆ ಅಜ್ಜಿ ಯಾರು?" ಎಂದು ಕೇಳಿದಾಗ ನಾನು ಬಸ್ಸಿನ ವಿಷಯ ಎತ್ತಿದೆ.

ಇದು ಪ್ರತಿ ವರ್ಷದ ಪದ್ಧತಿಯಾಯಿತು. ಮರಗಳು ಎದ್ದವು, ಫಲ ಬಿಟ್ಟವು. ನಕ್ಕವರೇ ಚೀಲ ಹಿಡಿದು ಕಾಯಿ ಕೇಳಲು ಬಂದರು. ಮಣ್ಣು ಬಿದ್ದು ಬಿದ್ದು ನಮ್ಮ ಕಡೆಯ ದಂಡೆ ವರ್ಷ ವರ್ಷ ಒಂದಿಷ್ಟು ಎತ್ತರವಾಯಿತು, ಒಂದಿಷ್ಟು ನಾಲಾದ ಒಳಕ್ಕೂ ಸರಿಯಿತು. ಅದು ನಮ್ಮ ಕಣ್ಣಿಗೆ ಬೀಳಲಿಲ್ಲ, ದಿನಾ ನೋಡುವ ಮಗು ಬೆಳೆದದ್ದು ಗೊತ್ತಾಗದ ಹಾಗೆ. ಗೊತ್ತಾದದ್ದು ಇಷ್ಟೇ: ಮೊದಲೆಲ್ಲ ಜೋರು ಮಳೆಗೆ ಸೊಸೈಟಿಯ ಪಾರ್ಕಿಂಗಿನಲ್ಲಿ ಮೊಣಕಾಲಿನವರೆಗೆ ನೀರು ನಿಲ್ಲುತ್ತಿತ್ತು, ಈಗ ನಿಲ್ಲುವುದಿಲ್ಲ. ಸೆಕ್ರೆಟರಿ ಸಾಹೇಬರು ಜನವರಿ ಇಪ್ಪತ್ತಾರಕ್ಕೆ ಬಾವುಟ ಹಾರಿಸಿ ಅತ್ತೆಗೆ ಶಾಲು ಹೊದಿಸಿ ಸತ್ಕಾರ ಮಾಡಿದರು. ಕೈಗೆ ಕೊಟ್ಟ ತೆಂಗಿನಕಾಯಿ ಅತ್ತೆಯ ಮರದ್ದೇ.

ಆಚೆ ದಂಡೆಯ ಶರಣಮ್ಮನ ಬಗ್ಗೆ ಇಷ್ಟು ಹೊತ್ತು ಹೇಳದೆ ಹೋದೆನಲ್ಲ. ಹೇಳಲು ಮನಸ್ಸು ಹಿಂಜರಿಯುತ್ತದೆ, ಅದಕ್ಕೇ ಇರಬೇಕು. ಅವಳು ಕಲಬುರ್ಗಿ ಕಡೆಯವಳು. ಗಂಡ ರಬಾಳೆಯ ಕಾರ್ಖಾನೆಗಳಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದ, ಇವಳು ಕಟ್ಟಡದ ಕೆಲಸಕ್ಕೆ. ಪತ್ರಾದ ಖೋಲಿಯಲ್ಲಿ ಬಾಡಿಗೆಗೆ ಇದ್ದರು, ಬಾಗಿಲು ತೆರೆದರೆ ನೇರ ನಾಲಾ. ಒಂದು ಸಂಜೆ ಅತ್ತೆ ಯಾವುದೋ ನಾಯಿಗೆ ಕನ್ನಡದಲ್ಲಿ ಬೈಯುತ್ತಿದ್ದರು. ಆಚೆಯಿಂದ ಒಂದು ದನಿ, ನೀವು ನಮ್ಮ ಕಡೆಯವರೇನ್ರೀ ಎಂದು ಕೇಳಿತು. ಅಲ್ಲಿಂದ ಶುರು. ದಿನಾ ಸಂಜೆ ದೀಪ ಹಚ್ಚುವ ಮೊದಲು ಇವರು ಈ ದಂಡೆ, ಅವಳು ಆ ದಂಡೆ. ಇವರ ಕುಂದಾಪುರದ ಕನ್ನಡ ಅವಳಿಗೆ ಅರ್ಧ ತಿಳಿಯದು, ಅವಳ ಕಲಬುರ್ಗಿ ಮಾತು ಇವರಿಗೆ ಅರ್ಧ ತಿಳಿಯದು, ನಡುವೆ ನಾಲಾದ ಸದ್ದು ಬೇರೆ. ಆದರೂ ಮಾತು ಮುಗಿಯುತ್ತಿರಲಿಲ್ಲ. ಮೋರಿಯ ಕಿರುಸೇತುವೆ ದಾಟಿ ಸುತ್ತು ಬಳಸಿ ಜೋಳದ ರೊಟ್ಟಿಯೂ ಶೇಂಗಾ ಹಿಂಡಿಯೂ ನಮ್ಮ ಮನೆಗೆ ಬರುತ್ತಿದ್ದವು, ತೆಂಗಿನಕಾಯಿ ಅಲ್ಲಿಗೆ ಹೋಗುತ್ತಿತ್ತು. ನನ್ನ ಮಗಳಿಗೆ ಅಜ್ಜಿ ಕನ್ನಡದಲ್ಲಿ ಏನು ಕೇಳಿದರೂ ಉತ್ತರ ಹಿಂದಿಯಲ್ಲಿ. ನಮ್ಮಿಬ್ಬರಿಗೆ ಆಫೀಸು, ಹೋಟೆಲು. ಅತ್ತೆಗೆ ಈ ಊರಿನಲ್ಲಿ ಬಾಯಿ ತುಂಬ ಮಾತಾಡಲು ಇದ್ದವಳು ಆ ಶರಣಮ್ಮ ಒಬ್ಬಳೇ.

ಮಳೆಗಾಲದಲ್ಲಿ ಶರಣಮ್ಮನ ಮನೆಗೆ ನೀರು ನುಗ್ಗುತ್ತಿತ್ತು. ಮೊದಲು ಯಾವಾಗಲೋ ಒಮ್ಮೆ, ಆಮೇಲೆ ಪ್ರತಿ ವರ್ಷ, ಕೊನೆಕೊನೆಗೆ ಪ್ರತಿ ಜೋರು ಮಳೆಗೆ. ಅತ್ತೆ ಪಾಲಿಕೆಗೆ ಹಿಡಿಶಾಪ ಹಾಕುತ್ತಿದ್ದರು. ಕೆಸರು ಸರಿಯಾಗಿ ತೆಗೆಯುವುದಿಲ್ಲ, ಅದಕ್ಕೇ ಆ ಹೆಣ್ಣಿನ ಮನೆಗೆ ನೀರು ಎನ್ನುತ್ತಿದ್ದರು. ಒಣ ಬೆಡ್‌ಶೀಟು ಕಳಿಸುತ್ತಿದ್ದರು, ಗಂಜಿ ಕಳಿಸುತ್ತಿದ್ದರು.

ಒಂದು ಜುಲೈ ಮಧ್ಯಾಹ್ನ ಲೋಕಲ್ ಟ್ರೇನೆಲ್ಲ ನಿಂತು ನಾನು ಮನೆಯಲ್ಲೇ ಉಳಿದಿದ್ದೆ. ಮಳೆ ಸುರಿಯುತ್ತಿತ್ತು. ಅತ್ತೆ ಕೊಡೆ ಹಿಡಿದು ದಂಡೆಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಕೊಡೆ ಮಡಚಿ ಕೈಯಲ್ಲಿ ಹಿಡಿದು ತೊಪ್ಪೆಯಾಗಿ ನಿಂತಿದ್ದಾರೆ. ನಾಲಾ ತುಂಬಿ ಕೆಂಪಗೆ ಬರುತ್ತಿತ್ತು. ನಮ್ಮ ತೆಂಗಿನ ಬುಡದ ದಿಬ್ಬಕ್ಕೆ ಬಡಿದ ನೀರು ಅಲ್ಲಿಂದ ತಿರುಗಿ ಆಚೆಯ ತಗ್ಗು ದಂಡೆ ಹತ್ತಿ ಶರಣಮ್ಮನ ಬಾಗಿಲೊಳಗೆ ನೇರವಾಗಿ ಹೋಗುತ್ತಿತ್ತು. ನಮ್ಮ ಕಡೆ ಒಂದು ಹನಿ ದಾಟಿ ಬಂದಿರಲಿಲ್ಲ. ಆಚೆ ಶರಣಮ್ಮ ಪಾತ್ರೆಗಳನ್ನು ಹೊರಗೆ ಎತ್ತಿ ಕೊಡುತ್ತಿದ್ದಳು.

ಒದ್ದೆ ಸೀರೆಯಲ್ಲೇ ಬಂದು ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತರು. ಬಟ್ಟೆ ಬದಲಾಯಿಸಿ ಎಂದರೆ ಕೇಳಿಸಲೇ ಇಲ್ಲ.

"ಅವ್ಳ್ ಮನಿಗೆ ನೀರ್ ತಿರ್ಗ್ಸದ್ದ್ ನಾನೇ ಕಾಣ್, ಹೆಣೆ" ಎಂದರು.

ಇಲ್ಲ ಅತ್ತೆ, ಹಾಗೇನಿಲ್ಲ, ಮೇಲಿನ ಗುಡ್ಡವೆಲ್ಲ ಬಿಲ್ಡಿಂಗ್ ಆಗಿದೆ, ನೀರೇ ಜಾಸ್ತಿ ಬರುತ್ತಿದೆ ಎಂದೆಲ್ಲ ನಾನು ಹೇಳಿದೆ. ಅದು ಸುಳ್ಳೂ ಅಲ್ಲ. ಆದರೆ ಅತ್ತೆ ತೋಡಿನ ಬದಿಯಲ್ಲೇ ಹುಟ್ಟಿ ಬೆಳೆದವರು, ನೀರು ಯಾಕೆ ಎಲ್ಲಿಗೆ ತಿರುಗುತ್ತದೆಂದು ಅವರಿಗೆ ನಾನು ಹೇಳಿಕೊಡಬೇಕೇ? ಅವರ ಊರಿನ ತೋಡಿನ ಆಚೆ ಬದಿಯಲ್ಲೂ ಒಂದು ಮನೆ ಇರುತ್ತಿತ್ತು, ಆ ಮನೆಯವರೂ ತಮ್ಮ ಬದಿಗೆ ಅಷ್ಟೇ ಮಣ್ಣು ಹಾಕುತ್ತಿದ್ದರು. ಇಲ್ಲಿ ಆಚೆಯವರಿಗೆ ಮಣ್ಣು ಹಾಕಲು ತೆಂಗೂ ಇಲ್ಲ, ನೆಲವೂ ತಮ್ಮದಲ್ಲ. ಅದೊಂದು ಅತ್ತೆಗೆ ಹೊಳೆದಿರಲಿಲ್ಲ.

ದಿಬ್ಬ ಕಡಿಸಬೇಕೆಂದು ಅತ್ತೆ ಹಟ ಹಿಡಿದರು. ಸೊಸೈಟಿಯ ಮೀಟಿಂಗಿನಲ್ಲಿ ಎದ್ದು ನಿಂತು ಕನ್ನಡದಲ್ಲೇ ಹೇಳಿದರು, ನಾನು ಮರಾಠಿಗೆ ತಿರುಗಿಸಿದೆ. ನಡುವೆ ಸೆಕ್ರೆಟರಿಗೆ ಬೈದದ್ದನ್ನೂ ಬಿಡದೆ ತಿರುಗಿಸಿದೆ, ಆ ಸುಖವನ್ನು ಬಿಡುವಷ್ಟು ಒಳ್ಳೆಯವಳು ನಾನಲ್ಲ. ಯಾರೂ ಒಪ್ಪಲಿಲ್ಲ. ದಿಬ್ಬ ತೆಗೆದರೆ ಕಾರುಗಳಿಗೆ ನೀರು ನುಗ್ಗುತ್ತದೆ, ಆಜಿ, ನೀವು ಮಾಡಿದ್ದು ಪುಣ್ಯದ ಕೆಲಸ ಎಂದರು. ಸತ್ಕಾರದ ಶಾಲು ನೆನಪಿಸಿದರು. ಅತ್ತೆ ಮನೆಗೆ ಬಂದು ತಾವೇ ಹಾರೆ ಹಿಡಿದು ಹೊರಟರು. ವರ್ಷಗಳ ಕೆಸರು ಒಣಗಿ ಬೇರಿನ ಜೊತೆ ಗಟ್ಟಿಯಾಗಿತ್ತು, ಮುದುಕಿಯ ಹಾರೆಗೆ ಅದು ಜಗ್ಗೀತೆ? ಸೊಂಟ ಹಿಡಿದುಕೊಂಡು ವಾರಗಟ್ಟಲೆ ಮಲಗಿದರು.

ಮುಂದಿನ ಚಳಿಗಾಲದಲ್ಲಿ ಪಾಲಿಕೆಯ ಯೋಜನೆ ಬಂತು. ನಾಲಾ ಅಗಲ ಮಾಡಿ ಎರಡೂ ಕಡೆ ಕಾಂಕ್ರೀಟ್ ಗೋಡೆ ಕಟ್ಟುತ್ತಾರಂತೆ. ಅತ್ತೆಗೆ ಖುಷಿಯೋ ಖುಷಿ, ಇನ್ನು ನಾಲಾ ಮೊದಲಿನ ಹಾಗಾಗುತ್ತದೆ, ಶರಣಮ್ಮನ ಮನೆ ಉಳಿಯುತ್ತದೆ ಎಂದು. ಸರ್ವೆಯವರು ಬಂದು ಟೇಪು ಹಿಡಿದರು. ನಮ್ಮ ಕಡೆ ಎಲ್ಲಿ ತೆಂಗಿನ ಸಾಲು ಇತ್ತೋ ಅದರ ಅಂಚಿಗೇ ಸುಣ್ಣದ ಗೆರೆ ಎಳೆದರು. ಬೇಕಾದ ಅಗಲವನ್ನೆಲ್ಲ ಆ ಗೆರೆಯಿಂದ ಆಚೆಗೆ ಅಳೆದರು. ಆಚೆಯ ಖೋಲಿಗಳ ಬಾಗಿಲ ಮೇಲೆ, ಕೆಡವಬೇಕೆಂದು, ಕೆಂಪು ಬಣ್ಣದ ಗುರುತು ಬಿತ್ತು.

ಅತ್ತೆ ನನ್ನನ್ನು ರಜೆ ಹಾಕಿಸಿ ವಾರ್ಡ್ ಆಫೀಸಿಗೆ ಎಳೆದುಕೊಂಡು ಹೋದರು. ಇಂಜಿನಿಯರು ಸಭ್ಯ ಮನುಷ್ಯ, ಕುರ್ಚಿ ಕೊಟ್ಟು ಕೂರಿಸಿದ, ನೀರು ತರಿಸಿದ. ಈಗಿರುವ ಅಂಚು ನಾಲಾದ ಅಂಚಲ್ಲ, ಅದು ನಾನು ಹಾಕಿದ ಮಣ್ಣು, ಅದನ್ನು ತೆಗೆದು ಈ ಕಡೆಯಿಂದಲೇ ಅಗಲ ಮಾಡಿ ಎಂದು ಅತ್ತೆ ಹೇಳಿದ್ದನ್ನೆಲ್ಲ ನಾನು ಮರಾಠಿಯಲ್ಲಿ ಹೇಳಿದೆ. ಆತ ಪೂರ್ತಿ ಕೇಳಿದ. ಆಮೇಲೆ ಹೇಳಿದ, ಮೇಡಂ, ನಾವು ಅಳೆಯುವುದು ಈಗ ಇರುವ ನಾಲಾವನ್ನು, ಮೊದಲು ಇದ್ದದ್ದನ್ನಲ್ಲ. ಮತ್ತೆ ಆ ಕಡೆ ಮರಗಳಿವೆ. ಉದ್ಯಾನ ಖಾತೆಯವರು ಲೆಕ್ಕ ಹಾಕಿ ನಂಬರು ಬರೆದ ಮರಗಳು, ಸಮಿತಿಯ ಪರವಾನಗಿ ಇಲ್ಲದೆ ಒಂದನ್ನೂ ಮುಟ್ಟುವ ಹಾಗಿಲ್ಲ. ಆಚೆಯ ಖೋಲಿಗಳಿಗೆ ಅಂಥ ತೊಂದರೆ ಇಲ್ಲ.

ಕೊನೆಯ ಮಾತು ಅತ್ತೆಗೆ ಹೇಗೆ ಹೇಳುವುದೆಂದು ನನಗೆ ತಿಳಿಯಲಿಲ್ಲ. ಹೇಳಿದೆ. ನಾನ್ ನೆಟ್ಟ ಮರ, ನಾನೇ ಕಡಿ ಅಂದ್ರೂ ಕಡಿಯುದಿಲ್ಯಾ ಎಂದು ಅವರು ಇಂಜಿನಿಯರನ ಮುಖವನ್ನೇ ನೋಡಿ ಕೇಳಿದರು. ಅವನಿಗೆ ಕನ್ನಡ ಅರ್ಥವಾಗಲಿಲ್ಲ, ಅತ್ತೆ ಅಳುತ್ತಿದ್ದದ್ದು ಅರ್ಥವಾಯಿತು. ಅವನು ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದ. ಅವನ ಮೇಲೆ ಕೋಪ ಮಾಡಿಕೊಳ್ಳಲು ನಾನು ಇವತ್ತಿಗೂ ಪ್ರಯತ್ನಿಸುತ್ತೇನೆ, ಬರುವುದಿಲ್ಲ. ನಿಯಮದಲ್ಲಿ ಅವನು ಒಂದು ಅಕ್ಷರ ತಪ್ಪಿರಲಿಲ್ಲ.

ಖೋಲಿಯ ಮಾಲೀಕರಿಗೆ, ಕಾಗದ ಇದ್ದವರಿಗೆ ಬೇರೆ ಕಡೆ ಜಾಗ ಸಿಕ್ಕಿತು. ಶರಣಮ್ಮ ಬಾಡಿಗೆಯವಳು, ಅವಳಿಗೇನಿದೆ? ವಿಠ್ಠಲವಾಡಿಯಲ್ಲಿ ಊರಿನವರೊಬ್ಬರು ಒಂದು ಖೋಲಿ ತೋರಿಸಿದ್ದರು. ಅವರು ಹೊರಡುವ ಬೆಳಿಗ್ಗೆ ಅತ್ತೆ ಮೋರಿ ದಾಟಿ, ನನ್ನ ಭುಜ ಹಿಡಿದು ನಡೆದು ಹೋದರು. ಟೆಂಪೋಕ್ಕೆ ಸಾಮಾನು ಏರಿಸುತ್ತಿದ್ದರು. ಅತ್ತೆ ಬಾಗಿಲ ಮುಂದೆ ನಿಂತುಕೊಂಡೇ ಹೇಳಿದರು:

"ಶರಣಮ್ಮ, ನಿನ್ನ ಮನಿಗೆ ನೀರ್ ಬಪ್ಪುಕೆ ನಾನೇ ಕಾರಣ. ಮಣ್ಣ್ ಹಾಕಿ ಹಾಕಿ ದಂಡೆ ಏರ್ಸದ್ದ್ ನಾನ್."

ಶರಣಮ್ಮ ಕೈಯಲ್ಲಿದ್ದ ತವೆಯನ್ನು ಕೆಳಗಿಟ್ಟಳು. "ನನಗ ಗೊತ್ತಿತ್ರೀ ಅಮ್ಮೋರೆ" ಎಂದಳು. "ವರ್ಷಾ ನೀವು ಮಣ್ಣು ಹಾಕ್ಸೋದು ನಾ ಈ ಬಾಗಲದಾಗ ಕುಂತು ನೋಡ್ತಿದ್ದೆ."

ನಾನೇ ಕೇಳಿದೆ, ಮತ್ತೆ ಯಾಕೆ ಒಂದು ಮಾತು ಹೇಳಲಿಲ್ಲ ಎಂದು.

"ಹ್ಯಾಂಗ ಹೇಳ್ಲಿರೀ ಅಕ್ಕೋರೆ? ಹೇಳಿದ್ರ ಅಮ್ಮೋರು ನಾಚಿ ದಂಡಿಗಿ ಬರೋದೇ ಬಿಡ್ತಿದ್ರು. ದಿನಾ ಸಂಜಿಕಿ ನನ್ನ ಕೂಡ ಮಾತಾಡ್ಲಾಕ ಮತ್ಯಾರದಾರ ಇಲ್ಲಿ?"

ನೀರು ನುಗ್ಗಿದರೂ ಪರವಾಗಿಲ್ಲ, ಮಾತು ಇರಲಿ ಎಂದು ಅವಳು ಅಷ್ಟು ಮಳೆಗಾಲ ಪಾತ್ರೆ ಎತ್ತಿ ಹೊರಗಿಟ್ಟಿದ್ದಳು. ನಾವು ಕಳಿಸಿದ ಬೆಡ್‌ಶೀಟನ್ನು ಒಳ್ಳೆಯ ಮಾತಾಡಿ ತೆಗೆದುಕೊಂಡಿದ್ದಳು. ಮೊದಲೇ ಒಂದು ಮಾತು ಅವಳ ಬಾಯಿಗೆ ಬಂದಿದ್ದರೆ, ದಿಬ್ಬ ಇನ್ನೂ ಹಸಿಯಿದ್ದಾಗ, ಮರಗಳಿಗೆ ನಂಬರು ಬೀಳುವ ಮೊದಲು. ಎಷ್ಟು ಸಲ ಲೆಕ್ಕ ಹಾಕಿದರೂ ಈಗ ಪ್ರಯೋಜನವಿಲ್ಲ, ಆದರೂ ಹಾಕುತ್ತೇನೆ.

ಗೋಡೆ ಎದ್ದಿತು, ಅತ್ತೆಯ ತಲೆಗಿಂತ ಎತ್ತರ. ಆಚೆ ಏನಿದೆಯೆಂದು ಕಾಣುವುದಿಲ್ಲ, ಕಾಣುವಂಥದ್ದೂ ಉಳಿದಿಲ್ಲ. ಅತ್ತೆ ಸಂಜೆ ದಂಡೆಗೆ ಹೋಗುವುದನ್ನು ಬಿಟ್ಟರು. ಆ ಮರಗಳ ಕಾಯಿಯನ್ನು ಆಮೇಲೆ ಮನೆಯೊಳಗೆ ತರಗೊಡಲಿಲ್ಲ. ಮಳೆ ಜೋರಾದಾಗ ಮಾತ್ರ ನನ್ನಿಂದ ಶರಣಮ್ಮನಿಗೆ ಫೋನ್ ಹಚ್ಚಿಸಿ, ನೀರು ಬಂತಾ ಎಂದು ಕೇಳುತ್ತಿದ್ದರು. ವಿಠ್ಠಲವಾಡಿಯ ಖೋಲಿಯೂ ಒಂದು ನಾಲಾದ ಪಕ್ಕದಲ್ಲೇ ಇತ್ತು, ಬಡವರ ಬಾಡಿಗೆಗೆ ಬೇರೆಲ್ಲಿ ಸಿಗಬೇಕು? ಇಲ್ರೀ, ಬಂದಿಲ್ಲ ಎಂದರೆ ಅತ್ತೆ ಅವತ್ತು ಒಂದು ತುತ್ತು ಹೆಚ್ಚು ಉಣ್ಣುತ್ತಿದ್ದರು. ಅತ್ತೆ ತೀರಿಕೊಂಡು ಈಗ ಕೆಲವು ವರ್ಷಗಳಾದವು. ಫೋನು ನಾನು ಬಿಟ್ಟಿಲ್ಲ.

ಇವತ್ತು ಬೆಳಿಗ್ಗೆ ಮೊದಲ ಮಳೆ ನಾಲ್ಕು ಹನಿ ಉದುರಿತು. ಅಷ್ಟಕ್ಕೇ ಫೋನು ಮಾಡಬೇಕಿರಲಿಲ್ಲ, ಆ ರಿಕ್ಷಾದ ನಾತ ಮನಸ್ಸಿನಲ್ಲಿತ್ತು, ಮಾಡಿದೆ. ಶರಣಮ್ಮ ಮಕ್ಕಳ ಸುದ್ದಿ ಹೇಳಿದಳು, ಗಂಡನ ಮೊಣಕಾಲಿನ ಸುದ್ದಿ ಹೇಳಿದಳು. ಆಮೇಲೆ ಸಹಜವಾಗಿ ಎಂಬಂತೆ ಹೇಳಿದಳು, ತಮ್ಮ ಖೋಲಿಯ ಎದುರು ದಂಡೆಯಲ್ಲಿ ಹೊಸ ಸೊಸೈಟಿ ಎದ್ದಿದೆ, ಅಲ್ಲಿಯ ಹಿರಿಯರೆಲ್ಲ ಸೇರಿ ಒಂದು ಸಣ್ಣ ಬಗೀಚಾ ಮಾಡುತ್ತಿದ್ದಾರೆ, ಭಾಳ ಚಂದ ಹೂ ಬಿಟ್ಟಾವ, ಈ ಸಲ ಪೋಕ್ಲೇನ್ ತೆಗೆದ ಮಣ್ಣೆಲ್ಲ ಅದಕ್ಕೇ ಹಾಕಿಸಿಕೊಂಡರು ಎಂದು.

ಆ ಮಣ್ಣು ನೀರನ್ನು ನಿಮ್ಮ ಕಡೆಗೆ ತಿರುಗಿಸುತ್ತದೆಂದು ಅವರಿಗೆ ಹೇಳಿದಿರಾ ಎಂದು ಕೇಳಿದೆ. ಅವರಿಗೆ ಕನ್ನಡ ಬರಲ್ಲ ಎಂದಳು. ಇಷ್ಟು ವರ್ಷ ಇಲ್ಲಿದ್ದು ಹಿಂದಿ ಬರುವುದಿಲ್ಲವೇ ಶರಣಮ್ಮ, ಹಿಂದಿಯಲ್ಲಿ ಹೇಳಬಹುದಲ್ಲ ಎಂದು ಸ್ವಲ್ಪ ಗದರಿಯೇ ಕೇಳಿದೆ.

"ಹಿಂದ್ಯಾಗ ನನಗ ಜಗಳಾಡ್ಲಾಕ ಬರ್ತದ್ರೀ ಅಕ್ಕೋರೆ. ಮನಸ್ಸಿಗಿ ನೋವಾಗ್ದಂಗ ಹೇಳ್ಲಾಕ ಬರಲ್ಲ."

ಭಾನುವಾರ ನಾನು ವಿಠ್ಠಲವಾಡಿಗೆ ಹೋಗುತ್ತೇನೆ, ದಿಬ್ಬ ಗಟ್ಟಿಯಾಗುವ ಮೊದಲು. ಮಗಳು ತಾನೂ ಬರುತ್ತೇನೆಂದಿದ್ದಾಳೆ, ಹಿಂದಿಯಲ್ಲೇ. ಶರಣಮ್ಮನನ್ನು ಕರೆದುಕೊಂಡು ಆ ಹಿರಿಯರ ಹತ್ತಿರ ಹೋಗಿ ಮರಾಠಿಯಲ್ಲಿ ಹೇಳಬೇಕು. ಅವರು ಸತ್ಕಾರದ ಶಾಲಿನವರೋ, ಬೈದು ಕಳಿಸುವವರೋ ಗೊತ್ತಿಲ್ಲ. ಅವರು ಮೊದಲು ಕೇಳುವುದೇನೆಂದು ಮಾತ್ರ ನನಗೆ ಗೊತ್ತು, ನೀವು ಯಾರು, ನಿಮಗೇನು ಸಂಬಂಧ ಎಂದು. ನನ್ನ ಅತ್ತೆಯೂ ಹೀಗೆಯೇ ಮಣ್ಣು ಹಾಕುತ್ತಿದ್ದರು ಎಂದು ಹೇಳುತ್ತೇನೆ. ಆಗಲೂ ಎದುರು ದಂಡೆಯಲ್ಲಿ ಇದ್ದವಳು ಇವಳೇ ಎಂದು ಶರಣಮ್ಮನನ್ನು ಮುಂದೆ ನಿಲ್ಲಿಸುತ್ತೇನೆ.